ಪ್ರಶ್ನೆ ಆಮೇಲೆ ಕೇಳಿ, ಅರ್ಥ ಮಾಡಿಕೊಳ್ಳೋದನ್ನು ಮೊದಲು ಕಲಿಸಿ

‘ಗಿಮ್ಮು ಸೊಲದಲ್ಲಿ ಬೊಪ್ಪವನ್ನು ತರಪಿತು.’

ಈಗ ಹೇಳಿ, ಗಿಮ್ಮು ಏನನ್ನು ತರಪಿತು? ಬೊಪ್ಪವನ್ನು. ಎಲ್ಲಿ? ಸೊಲದಲ್ಲಿ. ಎರಡೂ ಉತ್ತರ ಸರಿ, ಪೂರ್ತಿ ಅಂಕ! ಆದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ. ಪಾಠದ ಕೊನೆಯ ಪ್ರಶ್ನೆಗಳಿಗೆ ಎಷ್ಟೋ ಮಕ್ಕಳು ಉತ್ತರ ಬರೆಯುವುದು ಹೀಗೇ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕುತ್ತಾರೆ, ಆ ಸಾಲನ್ನು ಎತ್ತಿ ಬರೆಯುತ್ತಾರೆ.

ಪ್ರಶ್ನೆ ಕೇಳುವುದು ಪರೀಕ್ಷೆ, ಪಾಠವಲ್ಲ. ಡೊಲೊರೆಸ್ ಡರ್ಕಿನ್ ಎಂಬ ಸಂಶೋಧಕಿ ಅಮೆರಿಕದ ನಾಲ್ಕನೇ ತರಗತಿಗಳಲ್ಲಿ ಕೂತು ಓದಿನ ಪಾಠಗಳನ್ನು ಗಮನಿಸಿದ್ದರು. ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಕಲಿಸಲು ಹೋದ ಸಮಯ ಶೇ 1ಕ್ಕಿಂತ ಕಡಿಮೆ ಇತ್ತು. 1978–79ರಲ್ಲಿ ಪ್ರಕಟವಾದ ಅಧ್ಯಯನ ಅದು.

ಹಾಗಾದರೆ ಕಲಿಸುವುದು ಹೇಗೆ?

ತೊಡಕು ಎಲ್ಲಿದೆ ನೋಡಿ

ಮಗು ಓದಿ ಅರ್ಥವಾಗದ ಭಾಗವನ್ನು ನೀವೇ ಓದಿ ಹೇಳಿ. ಕೇಳಿದಾಗ ಅರ್ಥವಾಯಿತು ಅಂದರೆ, ಅಕ್ಷರ ಕೂಡಿಸುವುದರಲ್ಲೇ ಮಗುವಿನ ಶಕ್ತಿಯೆಲ್ಲ ಖರ್ಚಾಗುತ್ತಿದೆ. ಅದಕ್ಕೆ ಸರಾಗವಾಗಿ ಓದುವ ಅಭ್ಯಾಸ ಬೇಕು. ಕೇಳಿದರೂ ಅರ್ಥವಾಗದಿದ್ದರೆ ಕೊರತೆ ಪದಗಳಲ್ಲೋ ವಿಷಯದ ಪರಿಚಯದಲ್ಲೋ ಇದೆ. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದಿ ಅರ್ಥ ಮಾಡಿಕೊಳ್ಳುವುದನ್ನು ಗುಣಾಕಾರವಾಗಿ ಬರೆದರು: ಅಕ್ಷರ ಓದುವ ಶಕ್ತಿ × ಮಾತು ಅರ್ಥ ಮಾಡಿಕೊಳ್ಳುವ ಶಕ್ತಿ. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ, ಅಲ್ವಾ?

ಓದುವ ಮೊದಲು ವಿಷಯ ತಿಳಿಸಿ

ಪಾಠಕ್ಕೆ ತೀರಾ ಬೇಕಾದ ಎರಡು ಮೂರು ಪದ, ಒಂದು ಚಿತ್ರ, ನಾಲ್ಕು ಮಾತು. ಅಷ್ಟು ಸಾಕು. ಕಥೆಯನ್ನೇ ಹೇಳಿಬಿಡಬೇಡಿ. ವಿಷಯ ಗೊತ್ತಿರುವುದು ಎಷ್ಟು ಮುಖ್ಯ ಎಂಬುದಕ್ಕೆ 1988ರ ಒಂದು ಅಧ್ಯಯನ ಇದೆ. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳಿಗೆ ಆ ಆಟದ ಕಥೆ ಚೆನ್ನಾಗಿ ನೆನಪಿತ್ತು. ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದವರಿಗೆ ಅವರಷ್ಟು ಹೇಳಲಾಗಲಿಲ್ಲ.

ನಿಮ್ಮ ಯೋಚನೆಯನ್ನು ಜೋರಾಗಿ ಹೇಳಿ

ನನ್ನ ಪ್ರಕಾರ ಇದೇ ಮುಖ್ಯ ಹಂತ. ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಚೆನ್ನಾಗಿ ಓದುವವರ ತಲೆಯಲ್ಲಿ ಏನು ನಡೆಯುತ್ತದೆ ಎಂಬುದು ಮಗುವಿಗೆ ಕಾಣುವುದಿಲ್ಲ. ಕಾಣಿಸಬೇಕಾದವರು ನಾವು. ಈ ಸಾಲುಗಳನ್ನು ನೋಡಿ:

‘ಮೀನಾ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಒಳಗೆ ಬಂದಳು. ತೊಟ್ಟಿಲ ಕಡೆ ನೋಡಿದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.’

ಮೊದಲ ವಾಕ್ಯ ಓದಿ ನಿಲ್ಲಿ. ‘ಯಾಕೆ ಕಳ್ಳಹೆಜ್ಜೆ? ತಡವಾಗಿ ಬಂದಿರಬೇಕು, ಬೈಗುಳದ ಭಯ’ ಅನ್ನಿ. ಎರಡನೆಯದು ಓದಿ. ‘ಓ, ತೊಟ್ಟಿಲು! ನಾನು ಅಂದುಕೊಂಡದ್ದು ಬೇರೆ. ಮಗು ಮಲಗಿದೆ ಅನ್ನಿಸುತ್ತೆ.’ ಮೂರನೆಯದು ಓದಿ. ‘ಹೌದು, ಸದ್ದಾಗಬಾರದು ಅಂತಲೇ ಬಾಗಿಲು ಮೆಲ್ಲಗೆ ಮುಚ್ಚಿದ್ದು.’ ಮಗು, ನಿದ್ದೆ ಎಂಬ ಪದಗಳು ಆ ಸಾಲುಗಳಲ್ಲಿ ಎಲ್ಲೂ ಇಲ್ಲ. ಊಹೆ ಮಾಡುವುದು, ಸುಳಿವು ಸಿಕ್ಕಾಗ ಊಹೆ ಬದಲಿಸುವುದು, ಎರಡನ್ನೂ ಮಕ್ಕಳು ಕಣ್ಣಾರೆ ನೋಡುತ್ತಾರೆ. ಪುಟಕ್ಕೆ ಎರಡು ಕಡೆ ನಿಂತರೆ ಸಾಕು. ಜಾಸ್ತಿ ನಿಂತರೆ ಕಥೆಯೇ ಮುರಿದುಹೋಗುತ್ತದೆ.

ಕೆಲಸ ಮಕ್ಕಳಿಗೆ ಬಿಡಿ

ನಾಲ್ವರ ಗುಂಪು ಮಾಡಿ. ಒಬ್ಬರು ಮುಂದೇನಾಗಬಹುದು ಎಂದು ಊಹಿಸಲಿ, ಒಬ್ಬರು ಪ್ರಶ್ನೆ ಹುಟ್ಟಿಸಲಿ, ಒಬ್ಬರು ಅರ್ಥವಾಗದ್ದನ್ನು ಬಿಡಿಸಲಿ, ಇನ್ನೊಬ್ಬರು ಓದಿದ್ದನ್ನು ಚಿಕ್ಕದಾಗಿ ಹೇಳಲಿ. ಪಲಿಂಸರ್ ಮತ್ತು ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ವಿವರಿಸಿದ ಕಲಿಕೆಯಲ್ಲಿ ಇರುವುದು ಈ ನಾಲ್ಕೇ ಕೆಲಸ. ಸರದಿ ಬದಲಾಗುತ್ತಿರಲಿ. ಶುರುವಿನಲ್ಲಿ ಗಲಾಟೆ ಆಗುತ್ತೆ, ಆಗಲಿ ಬಿಡಿ.

ಈಗ ಪ್ರಶ್ನೆ ಕೇಳಿ

‘ಎಲ್ಲಿ’, ‘ಯಾರು’ ಎಂಬ ಪ್ರಶ್ನೆಗಳು ಒಂದೆರಡು ಸಾಕು. ‘ಮೀನಾ ಯಾಕೆ ಹಾಗೆ ಮಾಡಿದಳು?’ ಎಂದು ಕೇಳಿ. ಉತ್ತರ ಬಂದ ಮೇಲೆ ‘ನಿನಗೆ ಹೇಗೆ ಗೊತ್ತಾಯ್ತು? ಆ ಸಾಲು ತೋರಿಸು’ ಅನ್ನಿ. ಸುಮ್ನೆ ಹೇಳಿದ್ದು, ಓದಿ ಹೇಳಿದ್ದು ಬೇರೆಯಾಗಿಬಿಡುತ್ತದೆ. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡ್ ಬಾಯಿ ಮುಚ್ಚಿಕೊಂಡಿರಿ. ನಮಗೇ ಕಷ್ಟವಾಗುವ ಹಂತ ಅದು!

ಒಂದು, ಎರಡನೇ ತರಗತಿಯ ಮಕ್ಕಳಿಗೆ ಇನ್ನೂ ಓದಲು ಬರುವುದಿಲ್ಲ ಎಂದು ಇದನ್ನೆಲ್ಲ ಮುಂದೂಡಬೇಡಿ. ಕಥೆಯನ್ನು ನೀವು ಓದಿ, ಊಹೆ ಅವರು ಮಾಡಲಿ.