ಸೆಕೆಂಡ್ ಶಿಫ್ಟನ್ನು ನೈಟ್‌ಗೆ ತಂದಿದ್ದು: ನನ್ನ ಅನುಭವ

ಪೀಣ್ಯದಲ್ಲಿ ಲೋಹದ ಭಾಗಗಳನ್ನು ಫರ್ನೇಸಿನಲ್ಲಿ ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಯೂನಿಟ್ ಒಂದರಲ್ಲಿ ಎಚ್‌ಆರ್, ಟೈಮ್ ಆಫೀಸ್ ಎರಡೂ ನನ್ನ ತಲೆ ಮೇಲಿತ್ತು. ಎಚ್‌ಟಿ, ಅಂದರೆ ಕಾರ್ಖಾನೆಗಳ ಹೈ ಟೆನ್ಷನ್ ಕರೆಂಟಿನ ಬಿಲ್ ಗೊತ್ತಲ್ವಾ, ಆಗ ಸಂಜೆ ಆರರಿಂದ ಹತ್ತು ದರ ಜಾಸ್ತಿ, ರಾತ್ರಿ ಹತ್ತರ ಮೇಲೆ ಕಡಿಮೆ ಇತ್ತು. ನಮ್ಮ ಸೆಕೆಂಡ್ ಶಿಫ್ಟ್ ಎರಡರಿಂದ ಹತ್ತು. ಫರ್ನೇಸ್ ಸರಿಯಾಗಿ ದುಬಾರಿ ಹೊತ್ತಿನಲ್ಲೇ ಉರಿಯುತ್ತಿತ್ತು. ಅದನ್ನು ಹತ್ತರಿಂದ ಆರಕ್ಕೆ ತಳ್ಳಿದರೆ ತಿಂಗಳಿಗೆ ಲಕ್ಷದ ಮೇಲೆ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ.

2018ರಲ್ಲಿ ಮೊದಲ ಸಲ ಮಾಡಿದ್ದು ಪೂರ್ತಿ ತಪ್ಪು. ಶನಿವಾರ ಸಂಜೆ ಬೋರ್ಡಿಗೆ ನೋಟಿಸ್ ಅಂಟಿಸಿ ಸೋಮವಾರದಿಂದ ಜಾರಿ ಅಂದೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಹದಿನಾಲ್ಕು ಜನ ಎಂದಿನಂತೆ ಊಟದ ಡಬ್ಬಿ ಹಿಡಿದು ಗೇಟಿಗೆ ಬಂದರು. ರಾತ್ರಿ ಹತ್ತಕ್ಕೆ ಒಬ್ಬರೂ ಬರಲಿಲ್ಲ. ಮೂರು ದಿನ ಹೀಗೇ ಹೋಯಿತು, ಎರಡೂವರೆ ಲಕ್ಷದ ಜಾಬ್ ವರ್ಕ್ ಕೈ ತಪ್ಪಿತು, ಆ ದಿನಗಳ ಸಂಬಳವನ್ನೂ ಕೊಡಬೇಕಾಯಿತು. ಲೇಬರ್ ಆಫೀಸಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ‘9ಎ ನೋಟಿಸ್ ಎಲ್ಲಿ?’ ಕೆಲಸದ ಷರತ್ತು ಬದಲಾಯಿಸುವ 21 ದಿನ ಮೊದಲು ಕೆಲಸಗಾರರಿಗೆ ಕೊಡಬೇಕು ಅಂತ ಆಗಿನ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿದ್ದ ನೋಟಿಸ್ ಅದು. ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ (ಕಂಪನಿಯ ಕೆಲಸದ ನಿಯಮಗಳಲ್ಲಿ) ಶಿಫ್ಟ್ ಬದಲಾಯಿಸಬಹುದು ಅಂತ ಇದೆ, ಸಾಕು ಅಂದುಕೊಂಡಿದ್ದೆ. ಕೆಲಸದ ಹೊತ್ತನ್ನೇ ಬದಲಾಯಿಸುವಾಗ ಅದೊಂದನ್ನೇ ನಂಬಿಕೊಂಡು ಹೋಗಬಾರದು.

ಎರಡನೇ ಸಲ 9ಎ ನೋಟಿಸ್ ಕೊಟ್ಟು 21 ದಿನ ಸುಮ್ನೆ ಕಾದೆ. ಯೂನಿಯನ್‌ನವರು ಇಪ್ಪತ್ತನೇ ದಿನ ಲೇಬರ್ ಆಫೀಸಿಗೆ ಹೋದರು, ಕನ್ಸಿಲಿಯೇಷನ್, ಅಂದರೆ ರಾಜಿ ಮಾತುಕತೆ ಶುರುವಾಯಿತು. ಅದೇ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ಅದು ಮುಗಿಯುವ ತನಕ ಶಿಫ್ಟ್ ಮುಟ್ಟುವ ಹಾಗಿರಲಿಲ್ಲ. ಕೊನೆಗೆ ನಾವೇ ಆ ನೋಟಿಸ್ ವಾಪಸ್ ತಗೊಂಡೆವು. ಅಕ್ಕಪಕ್ಕದ ಯೂನಿಟ್‌ನ ಗೆಳೆಯರು, ‘ನೋಟಿಸ್ ಕೊಟ್ಟರೆ ಅವರನ್ನು ನೀವೇ ಎಬ್ಬಿಸಿದ ಹಾಗೆ, ಇದು ಆಗೋ ಮಾತಲ್ಲ’ ಅಂದರು. ನಮ್ಮ ಎಂಡಿಯವರೂ ಕೈ ಬಿಡಿ ಅಂದರು.

ಮೂರನೇ ಸಲ ಅದೇ 21 ದಿನವನ್ನು ಒಬ್ಬೊಬ್ಬರ ಜೊತೆ ಕೂತು ಮಾತಾಡೋಕೆ ಬಳಸಿದೆ. ಆಗ ಗೊತ್ತಾಗಿದ್ದು, ನೈಟ್ ಬೇಡ ಅನ್ನುವವರು ಅರ್ಧ ಜನ ಮಾತ್ರ. ಒಬ್ಬರ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ‘ಸಾರ್, ನೈಟ್ ಆದ್ರೆ ಬೆಳಿಗ್ಗೆ ಮಗೂನ ಸ್ಕೂಲಿಗೆ ನಾನೇ ಬಿಡ್ತೀನಿ’ ಅಂತ ಅವರೇ ಕೇಳಿದರು. ನೆಲಮಂಗಲ ಕಡೆಯವರಿಗೆ ಸಿಟ್ಟು ಶಿಫ್ಟಿನ ಮೇಲಲ್ಲ, ರಾತ್ರಿ ಬಸ್ಸಿನ ಮೇಲೆ. ಒಂದು ಟಿಟಿ (ಟೆಂಪೋ ಟ್ರಾವೆಲರ್) ಗೊತ್ತು ಮಾಡಿದೆ, ತಿಂಗಳಿಗೆ ಇಪ್ಪತ್ತೆರಡು ಸಾವಿರವೋ ಏನೋ. ನೈಟ್ ಅಲೋವೆನ್ಸ್ 75 ರೂಪಾಯಿ. ಯೂನಿಯನ್ ಜೊತೆ ಬರವಣಿಗೆಯಲ್ಲಿ ಸೆಟಲ್‌ಮೆಂಟ್ ಆಯಿತು. ಸೆಟಲ್‌ಮೆಂಟ್ ಆದ ಮೇಲೆ 9ಎ ತಕರಾರೇ ಉಳಿಯಲಿಲ್ಲ. ಫ್ಯಾಕ್ಟರಿ ಇನ್‌ಸ್ಪೆಕ್ಟರ್‌ಗೆ ಹೊಸ ಟೈಮಿನ ನೋಟಿಸ್ ಎರಡು ಪ್ರತಿ ಮೊದಲೇ ಕಳಿಸಿದೆ.

ಶಿಫ್ಟ್ ಚಾರ್ಟ್ ಹಾಕುವಾಗ ಒಂದು ಕಡೆ ಎಡವುತ್ತಿದ್ದೆ. ಶನಿವಾರದ ನೈಟ್ ಮುಗಿಯುವುದು ಭಾನುವಾರ ಬೆಳಿಗ್ಗೆ ಆರಕ್ಕೆ. ಅಲ್ಲಿಂದ 24 ಗಂಟೆ ರಜೆ ಅಂತ ಆಗಿನ ಫ್ಯಾಕ್ಟರಿ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತಿತ್ತು. ಭಾನುವಾರ ರಾತ್ರಿ ಹತ್ತಕ್ಕೆ ಅವರನ್ನೇ ಕರೆದರೆ ವಾರದ ರಜೆ ಮುರಿದ ಹಾಗೆ. ಎಷ್ಟೋ ಯೂನಿಟ್‌ಗಳಲ್ಲಿ ಈಗಲೂ ಕರೀತಾರೆ. ನಾನು ಸೋಮವಾರ ರಾತ್ರಿಯಿಂದ ಶುರು ಮಾಡಿಸಿದೆ.

ವಾರಕ್ಕೊಮ್ಮೆ ರೊಟೇಷನ್ ಮಾಡಿ ನೋಡಿದೆ, ಯಾರಿಗೂ ನಿದ್ದೆ ಹೊಂದಲಿಲ್ಲ, ಬೆಳಗಿನ ಜಾವ ಮೂರು ನಾಲ್ಕರ ಲೋಡುಗಳು ಹಾರ್ಡ್‌ನೆಸ್ (ಗಟ್ಟಿತನದ) ಟೆಸ್ಟಿನಲ್ಲಿ ಫೇಲ್ ಆದವು. ಹದಿನೈದು ದಿನಕ್ಕೊಮ್ಮೆ ಮಾಡಿದ ಮೇಲೆ ಕಡಿಮೆಯಾಯಿತು. ರಾತ್ರಿ ಎರಡಕ್ಕೆ ಚಿತ್ರಾನ್ನ ಕೊಟ್ಟೆ, ಎಲ್ಲರಿಗೂ ತೂಕಡಿಕೆ. ಉಪ್ಪಿಟ್ಟು, ಚಹಾ ಪರವಾಗಿಲ್ಲ. ಯಾರನ್ನು ಯಾರ ಜೊತೆ ಜೋಡಿ ಹಾಕಿದೆ ಅನ್ನುವುದರಲ್ಲೇ ಅಸಲು ವಿಷಯ ಇದೆ, ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ಬಿಲ್ಲಿನಲ್ಲಿ ತಿಂಗಳಿಗೆ ಸುಮಾರು 1 ಲಕ್ಷ 10 ಸಾವಿರ ಉಳಿಯಿತು, ಟಿಟಿ, ಅಲೋವೆನ್ಸ್, ತಿಂಡಿ ಸೇರಿ 55 ಸಾವಿರ ಖರ್ಚು. ಆಗೋ ಮಾತಲ್ಲ ಅಂದಿದ್ದ ಇಬ್ಬರು ಆಮೇಲೆ ನನ್ನ ಚಾರ್ಟ್ ಕೇಳಿಕೊಂಡು ಬಂದರು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ 9ಎ ಜಾಗಕ್ಕೆ 40ನೇ ಸೆಕ್ಷನ್ ಬಂದಿದೆ, 21 ದಿನ ಹಾಗೇ ಇದೆ. ಆ ಇಬ್ಬರಿಗೂ ಚಾರ್ಟಿಗಿಂತ ಮೊದಲು ಟಿಟಿಯವರ ನಂಬರ್ ಕೊಟ್ಟೆ.