ಹನ್ನೆರಡು ದಿನದ ತಡ

ಅಮ್ಮನ ಗರ್ಭಕೋಶದ ಆಪರೇಷನ್ ಆದದ್ದು 2022ರ ಜೂನ್ 14ಕ್ಕೆ. ಹೊಟ್ಟೆಯೊಳಗೆ ರಕ್ತ ಒರೆಸುವ ಗಾಜ್ ಬಟ್ಟೆ ಉಳಿದಿದೆ ಅಂತ ಬೇರೆ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಗೊತ್ತಾದದ್ದು 2023ರ ಡಿಸೆಂಬರಿನಲ್ಲಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ನಾನು ದೂರು ಕೊಟ್ಟದ್ದು 2024ರ ಜೂನ್ 26ಕ್ಕೆ. ಜಗಳ ಶುರುವಾದದ್ದೇ ಈ ತಾರೀಕುಗಳ ಮೇಲೆ.

ತಡ ಮಾಡಿದವ ನಾನೇ. ಮೊದಲು ವೈದ್ಯಕೀಯ ಪರಿಷತ್ತಿಗೆ ಬರೆದು ಕಾಯುತ್ತಾ ಕೂತೆ. ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ತೆಗೆದುಕೊಳ್ಳಬಹುದೇ ಹೊರತು ಪರಿಹಾರ ಕೊಡಿಸುವುದಿಲ್ಲ. ಅಲ್ಲಿ ಅರ್ಜಿ ಬಾಕಿ ಇದೆ ಅಂತ ಆಯೋಗದ ಕಾಲಮಿತಿ ನಿಲ್ಲುವುದೂ ಇಲ್ಲ. ಆಸ್ಪತ್ರೆಯ ಕೇಸ್ ಶೀಟಿಗೆ, ಅಂದರೆ ಚಿಕಿತ್ಸೆಯ ದಾಖಲೆಗೆ ಬೇರೆ ಅಲೆದಾಟ. ಕೌಂಟರಿನಲ್ಲಿ ಯಾವಾಗ ಕೇಳಿದರೂ "ನಾಳೆ ಬನ್ನಿ". ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮಾವಳಿಯಲ್ಲೇ ಇದೆ. ಅದನ್ನು ಬರೆದು ರಿಜಿಸ್ಟರ್ಡ್ ಪೋಸ್ಟ್ ಹಾಕಿದ ಮೇಲೆ ಬಂತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ದೂರು ಕೊಡಲು ವ್ಯಾಜ್ಯ ಕಾರಣ, ಅಂದರೆ ದೂರಿಗೆ ಆಧಾರವಾದ ಸಂಗತಿ, ಹುಟ್ಟಿದ ದಿನದಿಂದ ಎರಡು ವರ್ಷ. ಹುಟ್ಟಿದ್ದು ಯಾವತ್ತು? ಆಪರೇಷನ್ನಿನ ದಿನ ಅಂದರೆ ನನಗೆ 12 ದಿನ ತಡ. ಬಟ್ಟೆ ಗೊತ್ತಾದ ದಿನ ಅಂದರೆ ಒಂದೂವರೆ ವರ್ಷ ಬಾಕಿ. ನಾನು ಎರಡನೆಯದನ್ನೇ ಹಿಡಿದೆ. ಆದರೂ ಧೈರ್ಯ ಸಾಲದೆ ವಿಳಂಬ ಮನ್ನಾ ಅರ್ಜಿ, ಅಫಿಡವಿಟ್ ಎರಡನ್ನೂ ದೂರಿನ ಜೊತೆಗೇ ಕೊಟ್ಟೆ. ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷದೊಳಗೆ ಇದ್ದುದರಿಂದ ಶುಲ್ಕ ಬೀಳಲಿಲ್ಲ.

ಎದುರು ವಕೀಲರು ಸುಪ್ರೀಂ ಕೋರ್ಟಿನ 2010ರ ಶ್ರೀಖಂಡೆ ತೀರ್ಪು ಹಿಡಿದು ಬಂದರು. ಅದರಲ್ಲೂ ಹೊಟ್ಟೆಯೊಳಗೆ ಗಾಜ್. 1993ರಲ್ಲಿ ಆಪರೇಷನ್, 2002ರಲ್ಲಿ ಪತ್ತೆ, 2004ರಲ್ಲಿ ದೂರು. ತಪ್ಪು ಮೇಲ್ನೋಟಕ್ಕೆ ಕಾಣದಿದ್ದರೆ, ರೋಗಿ ತಕ್ಕ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಲೆಕ್ಕ ಎಂದಿತ್ತು ಕೋರ್ಟು. ಆ ಕೇಸಿನ ರೋಗಿ ಸ್ವತಃ ನರ್ಸ್, ವರ್ಷಗಟ್ಟಲೆ ನೋವಿದ್ದೂ ಆಪರೇಷನ್ ಮಾಡಿದ ಡಾಕ್ಟರ ಬಳಿ ಹೋಗಲಿಲ್ಲ ಎಂದು ದೂರು ಬಿದ್ದುಹೋಯಿತು.

ನಮ್ಮಮ್ಮ ಬೀಡಿ ಕಟ್ಟುವವರು. ಆದರೆ ಒಂದು ಚೀಟಿಯನ್ನೂ ಬಿಸಾಡಿದವರಲ್ಲ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಅದೇ ಆಸ್ಪತ್ರೆಯ ಹನ್ನೊಂದು ಒಪಿಡಿ ಚೀಟಿ ಸಿಕ್ಕವು. ಎಲ್ಲದರಲ್ಲೂ ಹೊಟ್ಟೆನೋವು ಅಂತ ಬರೆದಿದೆ, ಕೆಳಗೆ ಗ್ಯಾಸಿನ ಮಾತ್ರೆ. ಮೂರರ ಮೇಲೆ ಎಣ್ಣೆ ಕಲೆ. ತಾರೀಕು ಮಾತ್ರ ಸ್ಪಷ್ಟ. ಆಪರೇಷನ್ ಮಾಡಿದ ಡಾಕ್ಟರದ್ದೇ ಸಹಿ. ನಾನು ವಾದ ಅಂತ ದೊಡ್ಡದೇನೂ ಮಾಡಲಿಲ್ಲ, ಒಂದೊಂದನ್ನೇ ತಾರೀಕು ಓದಿ ಮುಂದಿಟ್ಟೆ.

ಗೊತ್ತಾದ ದಿನದಿಂದಲೇ ಲೆಕ್ಕ ಎಂದು ಆಯೋಗ ದೂರನ್ನು ಉಳಿಸಿಕೊಂಡಿತು. ಮನ್ನಾ ಅರ್ಜಿ ಬೇಕಾಗಲೇ ಇಲ್ಲ. ತಪ್ಪು ಯಾರದೆಂಬ ವಿಚಾರಣೆ ಇನ್ನೂ ನಡೆಯುತ್ತಿದೆ.