ಗುಜರಿಗೆ ಹೋಗೋ ಅಸೈನ್‌ಮೆಂಟ್ ಬದ್ಲು ವಿಕಿಪೀಡಿಯ: ನನ್ನ ಅನುಭವ

ಎಂಎ ಕನ್ನಡಕ್ಕೆ ಭಾಷಾವಿಜ್ಞಾನದ ಪೇಪರ್ ತಗೊಳ್ಳೋ ಮೇಷ್ಟ್ರುಗಳಿಗೆಲ್ಲ ಗೊತ್ತಿರೋ ವಿಷಯನೇ ಇದು. ಇಂಟರ್ನಲ್ಸ್‌ಗೆ ಅಸೈನ್‌ಮೆಂಟ್ ಕೊಟ್ರೆ ಒಬ್ರು ಬರೀತಾರೆ, ಉಳಿದೋರು ಅದನ್ನ ನೋಡ್ಕೊಂಡು ಎ4 ಶೀಟಿಗೆ ಇಳಿಸ್ತಾರೆ, ಸ್ಕೆಚ್ ಪೆನ್ನಲ್ಲಿ ಬಾರ್ಡರ್ ಎಳೀತಾರೆ, ನಾವು ಮೇಲೊಂದು ಟಿಕ್ ಹಾಕಿ ಮಾರ್ಕ್ಸ್ ಕೊಡ್ತೀವಿ, ವರ್ಷ ಕಳೆದ್ಮೇಲೆ ಕಟ್ಟು ಕಟ್ಟಾಗಿ ಗುಜರಿಗೆ ಹೋಗುತ್ತೆ. ದಾವಣಗೆರೆಯಲ್ಲಿ ನಾನು ಪಾಠ ಮಾಡೋ ಕಡೆನೂ ಇದೇ ಕಥೆ. ಅದ್ಕೆ ಈಗ ಕೆಲವು ಬ್ಯಾಚ್‌ಗಳಿಂದ ಅಸೈನ್‌ಮೆಂಟನ್ನ ಕನ್ನಡ ವಿಕಿಪೀಡಿಯದಲ್ಲೇ ಮಾಡಿಸ್ತಿದೀನಿ. ಭಾಷಾವಿಜ್ಞಾನಕ್ಕೆ ಸೇರಿದ, ಈಗಾಗ್ಲೇ ಇರೋ ಒಂದು ಲೇಖನ ಆರಿಸ್ಕೊಂಡು ಅದನ್ನ ರಿಪೇರಿ ಮಾಡ್ಬೇಕು, ಅಷ್ಟೇ.

ಹೊಸ ಲೇಖನ ಬೇಡ ಅನ್ನೋದು ನನ್ನ ಮೊದಲ್ನೇ ರೂಲು. ಹೊಸದು ಬರೀರಿ ಅಂದ್ರೆ ನಮ್ಮ ಹುಡುಗ್ರು ಊರ ದೇವಸ್ಥಾನ, ಇಲ್ಲಾ ಅವರ ಹೈಸ್ಕೂಲು ಅಂತ ಶುರು ಮಾಡ್ತಾರೆ, ಭಾಷಾವಿಜ್ಞಾನ ಎಲ್ಲೋ ಹೋಯ್ತು. ಇರೋದನ್ನ ಸರಿ ಮಾಡು ಅಂದ್ರೆ ಮೊದ್ಲು ಅದನ್ನ ಪೂರ್ತಿ ಓದ್ಬೇಕಾಗುತ್ತೆ, ಯಾವ್ದು ಸರಿ ಯಾವ್ದು ತಪ್ಪು ಅಂತ ತಲೆ ಕೆಡಿಸ್ಕೋಬೇಕಾಗುತ್ತೆ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ, ಅಲ್ಲಿಂದ ಇಲ್ಲೀತನಕ ಎರಡು ಸಾಲು ಬರೆದು ಕೈಬಿಟ್ಟ ಪುಟಗಳಿಗೇನು ಬರ ಇಲ್ಲ. ಇನ್ನೊಂದು ಥರದ ಪುಟಗಳೂ ಇದಾವೆ. 2009ರಿಂದ 2011ರ ಹೊತ್ತಿಗೆ ದೊಡ್ಡ ಕಂಪನಿಯೊಂದರ ಅನುವಾದದ ಟೂಲಿನಿಂದ ಇಂಗ್ಲಿಷ್ ಲೇಖನಗಳನ್ನ ಕನ್ನಡ, ತಮಿಳು, ತೆಲುಗು ಹೀಗೆ ನಮ್ಮ ಭಾಷೆಗಳಿಗೆ ಇಳಿಸಿದ್ರು, ಆ ಪುಟಗಳು ಉದ್ದ ಏನೋ ಇದಾವೆ, ಆದ್ರೆ ಒಂದು ವಾಕ್ಯದ ಕರ್ತೃ ಹುಡುಕೋಕೆ ಟಾರ್ಚ್ ಬೇಕು. ವಾಕ್ಯರಚನೆ ಪಾಠ ಮಾಡೋಕೆ ಇದಕ್ಕಿಂತ ಒಳ್ಳೆ ಸಾಮಗ್ರಿ ನಂಗೆ ಬೇರೆ ಸಿಕ್ಕಿಲ್ಲ. ಒಂದು ಪ್ಯಾರಾ ತೆಗೆದು ಪ್ರೊಜೆಕ್ಟರ್‌ಗೆ ಹಾಕಿ, ಇದು ಯಾಕೆ ಕನ್ನಡ ಅನ್ಸಲ್ಲ ಹೇಳ್ರಿ ಅಂದ್ರೆ ಹಿಂದಿನ ಬೆಂಚೂ ಬಾಯಿ ಬಿಡುತ್ತೆ.

ಎರಡ್ನೇ ರೂಲು, ಇಡೀ ಕ್ಲಾಸನ್ನ ಒಟ್ಟಿಗೆ ಬಿಡಲ್ಲ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಥದ್ದೇ ಒಂದು ಪೈಲಟ್ ಕಾರ್ಯಕ್ರಮ ಆಗಿತ್ತು, ಇಂಗ್ಲಿಷ್ ವಿಕಿಪೀಡಿಯಕ್ಕೆ. ತುಂಬಾ ವಿದ್ಯಾರ್ಥಿಗಳು ಪುಸ್ತಕದಿಂದ, ವೆಬ್‌ಸೈಟಿಂದ ಹಾಗ್ಹಾಗೇ ಕಾಪಿ ಮಾಡಿ ಹಾಕಿದ್ರು, ಅದನ್ನ ತೆಗೆಯೋಷ್ಟರಲ್ಲಿ ಅಲ್ಲಿನ ಸ್ವಯಂಸೇವಕರು ಸುಸ್ತಾದ್ರು, ಕೊನೆಗೆ ಕಾರ್ಯಕ್ರಮನೇ ನಿಲ್ಸಿದ್ರು. ಕನ್ನಡದಲ್ಲಿ ದಿನಾ ಕೂತು ನೋಡ್ಕೊಳ್ಳೋರು ಇನ್ನೂ ಕಮ್ಮಿ, ಅವರ ತಲೆ ಮೇಲೆ ನಮ್ಮ ಹುಡುಗ್ರ ಕಸ ಸುರಿಯೋದು ನ್ಯಾಯ ಅಲ್ಲ. ಹಾಗಾಗಿ ಮೊದ್ಲು ಎಲ್ರೂ ಅವರವರ ಪ್ರಯೋಗಪುಟದಲ್ಲಿ, ಅಂದ್ರೆ ಅಕೌಂಟಿನ ಜೊತೆ ಸಿಗೋ ಕರಡು ಪುಟದಲ್ಲಿ, ಬರೀತಾರೆ, ನಾನು ಓದ್ತೀನಿ, ಆಮೇಲೆ ಲೇಖನದ ಚರ್ಚೆಪುಟದಲ್ಲಿ ಹೀಗೆ ಮಾಡ್ತೀವಿ ಅಂತ ಒಂದು ಮಾತು ಹಾಕಿ, ಚೂರುಚೂರೇ ಲೇಖನಕ್ಕೆ ಸೇರಿಸ್ತಾರೆ. ಸೆಮಿಸ್ಟರ್ ಶುರುವಿಗೇ ಅರಳಿ ಕಟ್ಟೆಯಲ್ಲಿ ಹೇಳಿಬಿಡ್ತೀನಿ, ನಮ್ಮ ವಿದ್ಯಾರ್ಥಿಗಳು ಬರ್ತಿದಾರೆ, ಇಂಥಿಂಥ ಪುಟ ಮುಟ್ತಾರೆ ಅಂತ. ಅರಳಿ ಕಟ್ಟೆ ಅಂದ್ರೆ ಕನ್ನಡ ವಿಕಿಪೀಡಿಯದ ಸಮುದಾಯ ಮಾತಾಡೋ ಪುಟ.

ಟೆಕ್ನಿಕಲ್ ಗೋಳು ಎರಡು. ಒಂದು, ಲ್ಯಾಬಲ್ಲಿ ಕೂರಿಸಿ ಎಲ್ರಿಗೂ ಅಕೌಂಟ್ ಮಾಡಿಸೋಕೆ ಹೋದ್ರೆ ಆರು ಅಕೌಂಟ್ ಆದ್ಮೇಲೆ ನಿಂತ್ಹೋಗುತ್ತೆ, ಯಾಕಂದ್ರೆ ಒಂದೇ ಐಪಿ ಅಡ್ರೆಸ್ಸಿಂದ ದಿನಕ್ಕೆ ಅಷ್ಟೇ ಅಕೌಂಟ್ ಬಿಡ್ತಾರೆ, ಕಾಲೇಜಿನ ವೈಫೈ ಪೂರ್ತಿ ಒಂದೇ ಐಪಿ. ಮನೇಲಿ ಮೊಬೈಲ್ ಡೇಟಾದಲ್ಲಿ ಮಾಡ್ಕೊಂಡು ಬರ್ರಿ ಅಂದ್ರೆ ಮುಗೀತು. ಇನ್ನೊಂದು ನುಡಿ ಫೈಲು. ಹಳೇ ನೋಟ್ಸ್ ಎಲ್ಲಾ ಯೂನಿಕೋಡ್ ಅಲ್ಲದ ಫಾಂಟಲ್ಲಿ ಇರುತ್ತೆ, ವಿಕಿಗೆ ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಕನ್ವರ್ಟರ್‌ಗೆ ಹಾಕಿದ್ರೂ ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ಕೆಡುತ್ತೆ, ಕೂತು ತಿದ್ಬೇಕು. ಈಗಿನ ಹುಡುಗ್ರಿಗೆ ಆ ತೊಂದ್ರೆ ಕಮ್ಮಿ ಬಿಡಿ, ಮೊಬೈಲಲ್ಲೇ ನನಗಿಂತ ಸ್ಪೀಡಾಗಿ ಕುಟ್ತಾರೆ.

ಪಾಠ ನಿಜವಾಗ್ಲೂ ಶುರುವಾಗೋದು ಲೇಖನದ ಒಳಗೆ ಕೈ ಹಾಕಿದಾಗ. ಧ್ವನಿಮಾ ಅಂದ್ರೆ ಬದಲಾದ್ರೆ ಪದದ ಅರ್ಥನೇ ಬದಲಾಗೋ ಧ್ವನಿ, ಉಪಧ್ವನಿ ಅಂದ್ರೆ ಅದೇ ಧ್ವನಿ ಅಕ್ಕಪಕ್ಕದ ಧ್ವನಿಗೆ ತಕ್ಕಂತೆ ತಾಳೋ ರೂಪ. ಇವುಗಳ ವಿಷಯ ಬಂದ್ರೆ ಇಂಗ್ಲಿಷ್ ಪುಸ್ತಕಗಳಲ್ಲಿ ‘ಪಿನ್’, ‘ಸ್ಪಿನ್’ ಉದಾಹರಣೆ ಇರುತ್ತೆ, ಪಿನ್ನಲ್ಲಿ ಪಕಾರ ಉಸಿರಿನ ಜೊತೆ ಬರುತ್ತೆ, ಸ್ಪಿನ್ನಲ್ಲಿ ಬರಲ್ಲ, ಇಂಗ್ಲಿಷ್‌ನೋರಿಗೆ ಎರಡೂ ಒಂದೇ ಧ್ವನಿಮಾ. ನಮ್ಮಲ್ಲಿ ಅಲ್ಪಪ್ರಾಣಕ್ಕೊಂದು ಮಹಾಪ್ರಾಣಕ್ಕೊಂದು ಬೇರೆ ಅಕ್ಷರನೇ ಇದಾವಲ್ಲ, ಕನ್ನಡ ಓದೋನಿಗೆ ಈ ಉದಾಹರಣೆ ಕೊಟ್ರೆ ಇದ್ದ ಬುದ್ಧಿನೂ ಹೋಗುತ್ತೆ. ನಾನು ಕ್ಲಾಸಲ್ಲಿ ಬೋರ್ಡ್ ಮೇಲೆ ಅಂಕ, ಅಂಚು, ಅಂಟು, ಅಂದ, ಅಂಬು ಅಂತ ಬರೆದು, ಒಂದೊಂದೂ ನಿಧಾನಕ್ಕೆ ಹೇಳಿ ಸೊನ್ನೆ ಹತ್ರ ನಾಲಿಗೆ ಎಲ್ಲಿ ನಿಲ್ಲುತ್ತೆ ನೋಡ್ಕೊಳ್ರಿ ಅಂದೆ. ಗಂಟಲ ಹತ್ರದಿಂದ ಶುರುವಾಗಿ ತುಟಿಗೆ ಬರೋತನಕ ಐದು ಜಾಗ. ಮನೆ ಮಣೆ ಬೇರೆ ಬೇರೆ ಅರ್ಥ, ಹಾಗಾಗಿ ನ, ಣ ಬೇರೆ ಧ್ವನಿಮಾಗಳು. ಆದ್ರೆ ಅಂಕ ಅನ್ನೋವಾಗ ಬರೋ ಅನುನಾಸಿಕ ಕವರ್ಗದ ಹಿಂದೆ ಬಿಟ್ರೆ ಕನ್ನಡದ ಮಾತಲ್ಲಿ ತಾನಾಗೇ ಬೇರೆ ಕಡೆ ನಿಲ್ಲೋದು ಕಷ್ಟ, ಅದು ಉಪಧ್ವನಿ. ಹುಡುಗ್ರು ಬಾಯಿ ತೆಗೆದು ಮೂಗು ಹಿಡ್ಕೊಂಡು ಹೇಳಿ ನೋಡಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಲೈಬ್ರರಿಗೆ ಹೋಗಿ ಇದೇ ಥರದ ಉದಾಹರಣೆ ಕೊಟ್ಟಿರೋ ಪುಸ್ತಕ ಹುಡುಕಿ, ಪುಟಸಂಖ್ಯೆ ಸಮೇತ ಹಾಕಿದ್ರು. ಮೇಡಂ ಕ್ಲಾಸಲ್ಲಿ ಹೇಳಿದ್ರು ಅನ್ನೋದು ಅಲ್ಲಿ ನಡಿಯಲ್ಲ. ಗೈಡೂ ನಡಿಯಲ್ಲ.

ಈ ಮೂಲ ತೋರ್ಸೋ ಕಷ್ಟ ಪೂರ್ತಿ ಗೊತ್ತಾಗಿದ್ದು ಲಂಬಾಣಿ ಭಾಷೆಯ ಲೇಖನದಲ್ಲಿ. ಲಂಬಾಣಿಗಳ ಪುಣ್ಯಕ್ಷೇತ್ರ ಸೂರಗೊಂಡನಕೊಪ್ಪ ಇರೋ ನ್ಯಾಮತಿ ಕಡೆಯ ತಾಂಡಾದ ಹುಡುಗಿಯೊಬ್ಳು ಅದನ್ನ ತಗೊಂಡಿದ್ಲು. ಮೊದಲ ವಾರ ಅವಳ ಪ್ರಯೋಗಪುಟ ನೋಡಿದ್ರೆ ಬಂಗಾರದಂಥ ಸಾಮಗ್ರಿ, ಕ್ರಿಯಾಪದ ಹೇಗೆ ಬದಲಾಗುತ್ತೆ, ಅಜ್ಜಿ ಬಳಸೋ ಪದ ಯಾವ್ದು, ಮೊಮ್ಮಕ್ಕಳ ಬಾಯಲ್ಲಿ ಅದ್ಕೆ ಬದ್ಲು ಕನ್ನಡದ ಪದ ಹೇಗೆ ಬಂದು ಕೂತಿದೆ, ಎಲ್ಲಾ. ಒಂದಕ್ಕೂ ಉಲ್ಲೇಖ ಇಲ್ಲ. “ಹುಟ್ಟಿದಾಗಿಂದ ಮಾತಾಡ್ತಿರೋದು ಮೇಡಂ, ಅದ್ಕೂ ಬುಕ್ಕು ತೋರಿಸ್ಬೇಕಾ?” ಅಂದ್ಲು. ತೋರಿಸ್ಬೇಕು ಕಣಮ್ಮ, ಸ್ವಂತ ಸಂಶೋಧನೆ ಹಾಕೋ ಹಂಗಿಲ್ಲ, ಬೇರೆಯವರು ಪ್ರಕಟಿಸಿರೋದನ್ನ ಮಾತ್ರ ಹಾಕ್ಬಹುದು ಅಂದೆ. ಮುಖ ಸಣ್ಣ ಮಾಡ್ಕೊಂಡ್ಲು. ನಂಗೂ ಒಳಗೊಳಗೇ ಬೇಜಾರೇ. ರೂಲು ಸರಿ, ಇಲ್ದಿದ್ರೆ ಕಂಡಕಂಡೋರು ಕಂಡಿದ್ದೆಲ್ಲ ಬರೀತಾರೆ. ಆದ್ರೆ ಅಚ್ಚಾದ ಪುಸ್ತಕ ರಾಶಿ ಇರೋ ಭಾಷೆಗೂ, ಸ್ವಂತ ಲಿಪಿ ಇಲ್ದೆ ಇಲ್ಲಿ ಕನ್ನಡದಲ್ಲಿ, ಆ ಕಡೆ ತೆಲುಗಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಸ್ಕೊಳ್ಳೋ ಭಾಷೆಗೂ ಒಂದೇ ರೂಲು ಅಂದ್ರೆ ಭಾರ ಬೀಳೋದು ಯಾರ ಮೇಲೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಹುಡುಕಿದ್ರೆ ಸಿಗೋದೂ ಇದೆ, ಲಂಬಾಣಿ ಅಂತ ಮಾತ್ರ ಅಲ್ಲ, ಬಂಜಾರಿ, ಲಭಾಣಿ, ಲಮಾಣಿ, ಲಂಬಾಡಿ ಅನ್ನೋ ಅದರ ಬೇರೆ ಹೆಸರುಗಳಲ್ಲೂ ಹುಡುಕ್ಬೇಕು. ಗ್ರಿಯರ್ಸನ್ ಮಾಡಿದ ಭಾರತದ ಭಾಷಾ ಸಮೀಕ್ಷೆಯ 9ನೇ ಸಂಪುಟದ 3ನೇ ಭಾಗ, 1907ರದ್ದು, ಅದ್ರಲ್ಲಿ ಬಂಜಾರಿ ಅಥವಾ ಲಭಾಣಿ ಅಂತ ಒಂದು ಭಾಗನೇ ಇದೆ, ಸ್ಕ್ಯಾನ್ ಪುಕ್ಕಟೆ ಸಿಗುತ್ತೆ. 1970ರಲ್ಲಿ ರೊನಾಲ್ಡ್ ಟ್ರೇಲ್ ಅನ್ನೋರು ಲಮಾಣಿ ವ್ಯಾಕರಣದ ಮೇಲೆ ಇಂಗ್ಲಿಷಲ್ಲಿ ಪುಸ್ತಕ ಮಾಡಿದಾರೆ. ಅವಳು ಆ ವ್ಯಾಕರಣ ಓದ್ತಾ ಓದ್ತಾ, ಇದು ನಮ್ಮ ತಾಂಡಾದಲ್ಲಿ ಹಿಂಗಲ್ಲ, ಇದು ಕರೆಕ್ಟ್ ಐತೆ, ಅಂತ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು ಬಂದಿದ್ಲು. ಒಪ್ಪೋದಷ್ಟೇ ಲೇಖನಕ್ಕೆ ಹೋಯ್ತು, ಒಪ್ಪದೇ ಇರೋದನ್ನ ಕಿರುಪ್ರಬಂಧಕ್ಕೆ ಇಟ್ಕೋ ಅಂದೆ, ಅದು ಅಚ್ಚಾದ್ರೆ ನಾಳೆ ಇನ್ಯಾರೋ ಅದನ್ನೇ ಉಲ್ಲೇಖ ಮಾಡ್ಬಹುದು. ಜನಗಣತಿ ಟೇಬಲ್ ನೋಡ್ದಾಗ ಮತ್ತೆ ಜಗಳ. 2011ರ ಲೆಕ್ಕದಲ್ಲಿ ಲಮಾಣಿ ಅಥವಾ ಲಂಬಾಡಿ ಮಾತೃಭಾಷೆ ಅಂದೋರು 32 ಲಕ್ಷಕ್ಕೂ ಜಾಸ್ತಿ, ಆದ್ರೆ ಟೇಬಲಲ್ಲಿ ಅದು ಹಿಂದಿಯ ಕೆಳಗೆ ಕೂತಿದೆ. “ನಮ್ದು ಹಿಂದಿ ಅಲ್ಲ ಮೇಡಂ, ಇದನ್ನ ಹೆಂಗ್ ಬರೀಲಿ?” ಜನಗಣತಿಯಲ್ಲಿ ಹಿಂದಿಯ ಅಡಿ ಸೇರಿಸಿದಾರೆ ಅಂತ ಒಂದು ವಾಕ್ಯ, ಭಾಷಾವಿಜ್ಞಾನಿಗಳು ಯಾವ ಗುಂಪಿಗೆ ಸೇರಿಸ್ತಾರೆ ಅಂತ ಇನ್ನೊಂದು ವಾಕ್ಯ, ಎರಡಕ್ಕೂ ಮೂಲ, ತೀರ್ಪು ನಿಂದಲ್ಲ. ಹಾಗೇ ಬರೆದ್ಲು. ಇದ್ರ ಜೊತೆ ಲಿಂಗ್ವಾ ಲಿಬ್ರೆ ಅಂತ ಒಂದು ಟೂಲ್ ಇದೆ, ಪದದ ಪಟ್ಟಿ ಕೊಟ್ರೆ ಒಂದೊಂದೇ ತೋರ್ಸುತ್ತೆ, ಹೇಳ್ತಾ ಹೋದ್ರೆ ರೆಕಾರ್ಡ್ ಆಗಿ ವಿಕಿಪೀಡಿಯಗಳ ಚಿತ್ರ, ಧ್ವನಿ ಎಲ್ಲಾ ಇಡೋ ವಿಕಿಮೀಡಿಯ ಕಾಮನ್ಸ್‌ಗೆ ಸೇರ್ಕೊಳ್ಳುತ್ತೆ. ಅದ್ರಲ್ಲಿ ತನ್ನ ದನಿಯಲ್ಲೇ ಪದಗಳನ್ನ ಹೇಳಿದ್ಲು. ದನಿಗೆ ಯಾರೂ ಬುಕ್ಕು ಕೇಳಲಿಲ್ಲ.

ಮೊಳಕಾಲ್ಮೂರಿನ ಹುಡುಗನದ್ದು ಉಲ್ಟಾ ಕೇಸು. ಬ್ರಹ್ಮಗಿರಿ ಅಶೋಕನ ಶಾಸನ ಅವನ ಊರ ಹತ್ರನೇ, ಅದ್ರಲ್ಲಿ ಬರೋ ‘ಇಸಿಲ’ ಅನ್ನೋ ಹೆಸರು ಕನ್ನಡ ಪದ, ಆದ್ರಿಂದ ಕನ್ನಡ 2,200 ವರ್ಷಕ್ಕಿಂತ ಹಳೇದು ಅಂತ ಒಂದೇ ಏಟಿಗೆ ಬರೆದಿದ್ದ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಆ ಒಂದು ಪದ ಕನ್ನಡದ್ದು ಅನ್ನೋದು ಡಿ.ಎಲ್. ನರಸಿಂಹಾಚಾರ್ ಅಂಥ ವಿದ್ವಾಂಸರ ಅಭಿಪ್ರಾಯ, ಹಾಗಂತಲೇ ಹೆಸರು ಹಾಕಿ ಬರಿ ಅಂದೆ. ಅಭಿಮಾನ ಜಾಸ್ತಿ, ಸ್ವಲ್ಪ ಹೊತ್ತು ಮೂತಿ ಊದಿಸ್ಕೊಂಡಿದ್ದ. ಆಮೇಲೆ ಅವನೇ, ಶಾಸನ ಬರೆದ ಚಪಡ ಅನ್ನೋ ಲಿಪಿಕಾರ ತನ್ನ ಕಸುಬಿನ ಹೆಸರನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೆತ್ತಿದಾನೆ ಅಂತ ಓದ್ಕೊಂಡು ಬಂದು, ವಾಯವ್ಯದ ಲಿಪಿ ನಮ್ಮ ಗುಡ್ಡಕ್ಕೆ ಹೆಂಗ್ ಬಂತು ಅಂತ ನನ್ನನ್ನೇ ಕೇಳೋಕೆ ಶುರು ಮಾಡ್ದ. ಇಸಿಲದ ಮಾತು ಅಲ್ಲಿಗೆ ಮರೆತ.

ಮಾರ್ಕ್ಸ್ ಹೆಂಗ್ ಕೊಡ್ತೀರಿ ಅಂತ ಬೇರೆ ಕಾಲೇಜಿನೋರು ಕೇಳ್ತಾರೆ. ಎಷ್ಟು ಬೈಟ್ ಸೇರಿಸಿದಾರೆ ಅಂತ ಪುಟದ ಇತಿಹಾಸದಲ್ಲಿ ತೋರ್ಸುತ್ತೆ, ಅದನ್ನ ನಂಬ್ಕೋಬೇಡಿ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಆಗುತ್ತೆ, ಒತ್ತಿಗೆ ಬೇಕಾದ ಹಲಂತ ಚಿಹ್ನೆನೂ ಲೆಕ್ಕಕ್ಕೆ ಬಂದು ‘ಕನ್ನಡ’ ಅನ್ನೋ ಪದ ಒಂದೇ 15 ಬೈಟ್, ಮೂರು ಸಾವಿರ ಬೈಟ್ ಬರ್ದೆ ಅಂತ ಬೀಗೋನು ಬರೆದಿರೋದು ಒಂದೂವರೆ ಪ್ಯಾರಾ. ನಾನು ಇತಿಹಾಸದ ಟ್ಯಾಬ್ ತೆಗೆದು, ಪ್ರತಿ ಬದಲಾವಣೆಗೂ ಯಾಕೆ ಮಾಡ್ದೆ ಅಂತ ಸಾರಾಂಶ ಬರೆದಿದಾರಾ, ಯಾರಾದ್ರೂ ರದ್ದು ಮಾಡಿದ್ರೆ ಚರ್ಚೆಪುಟದಲ್ಲಿ ಹೇಗೆ ಉತ್ತರ ಕೊಟ್ರು ಅಂತ ನೋಡ್ತೀನಿ. ಆಮೇಲೆ ಎದುರಿಗೆ ಕೂರಿಸ್ಕೊಂಡು ಯಾವ್ದಾದ್ರೂ ಒಂದು ವಾಕ್ಯದ ಮೇಲೆ ಬೆರಳಿಟ್ಟು, ಇದು ಎಲ್ಲಿಂದ ಬಂತು ಅಂತ ಕೇಳ್ತೀನಿ. ಪುಸ್ತಕ ತಂದು ಪುಟ ತೆಗೆದು ತೋರ್ಸಿದ್ರೆ ಪೂರ್ತಿ ಮಾರ್ಕ್ಸ್, ತಡವರಿಸಿದ್ರೆ ಕಟ್. ಎಐ ಬಂದ್ಮೇಲಂತೂ ಈ ವೈವಾ ಇಲ್ದೆ ಇದನ್ನ ಮಾಡಿಸೋಕೇ ಹೋಗ್ಬೇಡಿ. ಇಲ್ಲದ ಪುಸ್ತಕದ ಹೆಸರು, ಇಲ್ಲದ ಪುಟಸಂಖ್ಯೆ ಎಲ್ಲಾ ನೀಟಾಗಿ ಹುಟ್ಟಿಸ್ಕೊಡುತ್ತೆ ಅದು. ಹಂಗೇ ಸೆಮಿಸ್ಟರ್ ಕೊನೆಗೂ ಇಟ್ಕೋಬೇಡಿ. ಪರೀಕ್ಷೆ ಹತ್ರ ಬಂದಾಗ ಚರ್ಚೆಪುಟದಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡೋಕೆ ಹುಡುಗ್ರೂ ಇರಲ್ಲ, ನಾವೂ ಇರಲ್ಲ. ಮೊದಲ ಇಂಟರ್ನಲ್ಸ್ ಮುಗಿದ ತಕ್ಷಣ ಶುರು ಮಾಡಿದ್ರೆ ಸರಿ ಹೋಗುತ್ತೆ.